ಮುನ್ನೂರು ಕಲ್ಲಿನ ರಥ, ಒಂದು ಬಂಡಿದಾರಿ

"ಅಣ್ಣಾ, ನಮ್ಮ ಹೊಲದ ದಾರಿ ಫೋಟೋ ಒಂದು ಕಳ್ಸು. ಜಲ್ದಿ."

ಕಳೆದ ಮಂಗಳವಾರ ಬೆಳಿಗ್ಗೆ ಈರಣ್ಣನ ಫೋನು. ಈರಣ್ಣ ನನ್ನ ಚಿಕ್ಕಮ್ಮನ ಮಗ. ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಭತ್ತ ಬೆಳೆಯುತ್ತಾನೆ. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಗ್ರಂಥಪಾಲಕ. ಅಂದರೆ, ಯಾರೋ ಬರೆದ ಪುಸ್ತಕಕ್ಕೆ ನಂಬರು ಅಂಟಿಸಿ ಸಾಲಾಗಿ ನಿಲ್ಲಿಸುವವನು. ಹಾಗಾಗಿ ನಮ್ಮ ಬಂಧುಬಳಗದಲ್ಲಿ ಒಂದು ನಂಬಿಕೆ ಬೇರೂರಿಬಿಟ್ಟಿದೆ: ಹಳೆಯ ಫೋಟೋ ಯಾವುದೇ ಬೇಕಾದರೂ ಇವನ ಹತ್ತಿರ ಇರುತ್ತದೆ. (ಈ ನಂಬಿಕೆಯನ್ನು ಹುಟ್ಟಿಸಿ, ನೀರು ಹಾಕಿ ಬೆಳೆಸಿದವನು ನಾನೇ.)

"ಯಾವ ದಾರಿ?" ಅಂದೆ.

"ಬಂಡಿದಾರಿ ಅಣ್ಣಾ. ಆ ವರ್ಷ ಶೀಗಿ ಹುಣ್ಣಿವಿಗೆ ಭೂಮಿತಾಯಿಗೆ ಚರಗ ಚೆಲ್ಲಾಕ ಎಲ್ಲಾರೂ ಹೊಲಕ್ಕ ಬಂದಿದ್ರೆಲ್ಲ. ನಾವು ಉಣ್ಣಾಕತ್ತಿದ್ರ ನೀ ಬರೇ ಫೋಟೋ ತೆಗ್ಯಾಕತ್ತಿದ್ದಿ. ಅದ್ರಾಗ ದಾರಿ ಬಂದೇ ಬಂದಿರತೈತಿ."

"ಅಲ್ಲೋ, ದಾರಿ ನಿಮ್ಮ ಹೊಲದಾಗ ಐತಿ. ಈಗ್ಲೇ ಹೋಗಿ ತಕ್ಕೊ."

"ಹೊಲದಾಗ ಇದ್ದಿದ್ರ ನಿನಗ್ಯಾಕ ಫೋನ್ ಮಾಡ್ತಿದ್ದೆ?"

ಸಂಗತಿ ಇಷ್ಟು. ಈರಣ್ಣನ ಗದ್ದೆ ಒಳಗಿದೆ. ಅದಕ್ಕೆ ಹೋಗಲು ಪಕ್ಕದ ಹನುಮಂತಪ್ಪನ ಹೊಲದ ಅಂಚಿನಲ್ಲಿ ಒಂದು ಬಂಡಿದಾರಿ ಇತ್ತು. ನಕ್ಷೆಯಲ್ಲಿ ಇಲ್ಲದ ದಾರಿ. ಎರಡೂ ಮನೆಯ ಅಜ್ಜಂದಿರು ಆರು ಮೊಳ ಅಗಲಕ್ಕೆ ಒಪ್ಪಿ, ಎಲೆ ಅಡಿಕೆ ಹಾಕಿಕೊಂಡು, ಬಾಯಿಮಾತಿನಲ್ಲಿ ಮಾಡಿಕೊಂಡದ್ದು. ಹನುಮಂತಪ್ಪ ತನ್ನ ಹೊಲಕ್ಕೆ ಬಾಳೆ ಹಾಕಿದ. ಬಾಳೆ ಒಂದು ಸಾಲು ಈಚೆಗೆ ಸರಿಯಿತು. ದಾರಿ ಬದುವಾಯಿತು. ಎರಡು ವರ್ಷ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಆ ಎರಡು ವರ್ಷ ಈರಣ್ಣ ಆಳುಗಳನ್ನು ಹಚ್ಚಿ ಕೊಯ್ಲು ಮಾಡಿಸಿದ್ದ. ಹೊರೆ ಹೊತ್ತ ಆಳು ಬದುವಿನ ಮೇಲೂ ನಡೆದು ಬರುತ್ತಾನೆ. ಈ ಸಲ ಆಳು ಸಿಗಲಿಲ್ಲ. ಗುರುವಾರ ಕಟಾವು ಮಷಿನ್ ಬರುವುದಿತ್ತು. ಮಷಿನ್ ಬದುವಿನ ಮೇಲೆ ನಡೆಯುವುದಿಲ್ಲ. ಮೇಲೆ ಮೋಡ, ಕೆಳಗೆ ತೆನೆ ಬಾಗಿದ ಭತ್ತ. ಗುರುವಾರ ತಪ್ಪಿದರೆ ಮಷಿನ್ ಬೇರೆ ಊರಿಗೆ. ಒಂದು ಮಳೆ ಬಿದ್ದರೆ ಬೆಳೆ ಮಲಗುತ್ತದೆ.

"ಹನುಮಂತಣ್ಣ ಏನಂತಾನ?"

"ಇಲ್ಲಿ ಬದು ಇತ್ತು, ದಾರಿ ಎಲ್ಲಿತ್ತು ಅಂತಾನ. ನಾಳೆ ಇಬ್ರು ಹಿರ್‍ಯಾರು ಹೊಲಕ್ಕ ಬರ್ತಾರ. ಫೋಟೋ ತೋರ್ಸಿದ್ರ ಮುಗೀತು."

"ಮುಗೀತು ಬಿಡು. ಹತ್ತು ನಿಮಿಷದಾಗ ಕಳಸ್ತೀನಿ," ಅಂದೆ.

ಹತ್ತು ನಿಮಿಷ! ಈ ಮಾತು ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆ. ಏಕೆ ಅಂತ ಹೇಳುತ್ತೇನೆ.

ಆರು ತಿಂಗಳ ಹಿಂದೆ ನನ್ನ ಫೋನು 'ಜಾಗ ತುಂಬಿದೆ' ಅಂತ ಹಠ ಹಿಡಿಯಿತು. ನಾನು ಚಿಂತೆಯ ಮನುಷ್ಯ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಕಮಲಾಪುರದವರೆಗೆ ಹೋದವನು ವಾಪಸ್ ಬಂದದ್ದುಂಟು. (ಆಫ್ ಆಗಿತ್ತು. ಸಿಲಿಂಡರೇ ಖಾಲಿಯಾಗಿತ್ತು.) ಇಂಥವನ ಫೋನು ತುಂಬಿತು ಅಂದರೆ ನಿದ್ದೆ ಬರುತ್ತದೆಯೇ? ವಿಡಿಯೋ ಒಂದನ್ನು ನೋಡಿದೆ. ಅದರಲ್ಲಿ ಬಿಳಿ ಅಂಗಿ ತೊಟ್ಟ ಒಬ್ಬಾತ ನಗುನಗುತ್ತಾ ಉಪದೇಶ ಮಾಡಿದ: ಒಂದು ಸಂದರ್ಭಕ್ಕೆ ಒಂದೇ ಫೋಟೋ. ಕಣ್ಣು ಮುಚ್ಚಿದ್ದು, ಬೆನ್ನು ತೋರಿಸಿದ್ದು, ಅಲುಗಾಡಿದ್ದು, ಬೆರಳು ಅಡ್ಡ ಬಂದದ್ದು, ಎಲ್ಲಾ ಡಿಲೀಟ್. ಉಳಿದದ್ದೇ ಜೀವನ.

ಎರಡು ತಿಂಗಳು ಕೂತು ಮಾಡಿದೆ. ಫೋಲ್ಡರುಗಳನ್ನು ಕಟ್ಟಿದೆ. 'ಮುಖ್ಯ', 'ಅತಿ ಮುಖ್ಯ', 'ಅತಿ ಮುಖ್ಯ, ಇದೇ ಕೊನೆ'. ಎಲ್ಲದರ ಪ್ರತಿ ಒಂದು ಹಾರ್ಡ್ ಡಿಸ್ಕಿನಲ್ಲಿ ಮನೆಯ ಬೀರುವಿನೊಳಗೆ. ಇನ್ನೊಂದು ಪ್ರತಿ ಸಂಡೂರಿನಲ್ಲಿ, ಹೆಂಡತಿಯ ಅಣ್ಣನ ಮನೆಯಲ್ಲಿ. ಸಂಡೂರೇ ಏಕೆ? ಡ್ಯಾಮಿಗೆ ಏನಾದರೂ ಆಗಿ ಹೊಸಪೇಟೆ ಮುಳುಗಿದರೆ, ಸಂಡೂರು ಎತ್ತರದಲ್ಲಿದೆ.

"ನಾವು ಮುಳುಗಿದ ಮ್ಯಾಲೆ ಫೋಟೋ ಯಾರ್ ನೋಡ್ತಾರ?" ಅಂತ ಹೆಂಡತಿ ಕೇಳಿದಳು. ಸಂಘಟನೆಯ ಗಂಧವಿಲ್ಲದವರ ಪ್ರಶ್ನೆ ಅಂತ ತಳ್ಳಿಹಾಕಿದೆ. ಆ ಉತ್ಸಾಹದಲ್ಲಿ ಪತ್ರಿಕೆಯ ಇದೇ ಅಂಕಣದಲ್ಲಿ ನಿಮಗೂ ಒಂದು ವಾರ ಬೋಧನೆ ಮಾಡಿದ್ದೆ, ನೆನಪಿರಬಹುದು. ಯಾರಾದರೂ ಪಾಲಿಸಿದ್ದರೆ ಕ್ಷಮಿಸಿ.

ಈಗ ಮಂಗಳವಾರಕ್ಕೆ ಬರೋಣ. 'ಹಬ್ಬ' ಫೋಲ್ಡರ್ ತೆರೆದೆ. ಅದರೊಳಗೆ 'ಶೀಗಿ ಹುಣ್ಣಿಮೆ, ಮೆಟ್ರಿ'. ಅದರೊಳಗೆ ಒಂದೇ ಫೋಟೋ. ನಿಯಮದಂತೆ.

ತಾಟಿನಲ್ಲಿ ಹೋಳಿಗೆ, ಪುಂಡಿಪಲ್ಯ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಹೋಳಿಗೆಯ ಮೇಲಿನ ತುಪ್ಪದ ಹನಿ ಎಣಿಸುವಷ್ಟು ಸ್ಪಷ್ಟ. ಹಿಂದೆ ಎಲ್ಲಾ ಮಂಜು. ಹಿನ್ನೆಲೆ ಮಸುಕಾಗಿಸುವ ಸೌಲಭ್ಯ ಆಗ ಹೊಸದಾಗಿ ಬಂದಿತ್ತು; ಭಾರಿ ಕಲಾವಿದನಂತೆ ಬಳಸಿದ್ದೆ. ಆ ಮಂಜಿನೊಳಗೆ ಎಲ್ಲೋ ಈರಣ್ಣನ ದಾರಿ ಇದೆ.

ಕಸದ ಬುಟ್ಟಿ ನೋಡಿದೆ. ತಿಂಗಳಾದ ಮೇಲೆ ಅದು ತಾನಾಗಿಯೇ ಖಾಲಿಯಾಗುತ್ತದಂತೆ. ಬೀರುವಿನ ಡಿಸ್ಕ್ ತೆಗೆದೆ. ಅದರಲ್ಲೂ ಹೋಳಿಗೆ. ಸಂಡೂರಿಗೆ ಫೋನ್ ಮಾಡಿದೆ. ಭಾವ ಮೈನಿಂಗ್ ಲಾರಿಗಳ ಸದ್ದಿನ ನಡುವೆ ಮನೆಗೆ ಹೋಗಿ, ಡಿಸ್ಕ್ ಹಚ್ಚಿ, ಹುಡುಕಿ ಹೇಳಿದ: "ಹೋಳಿಗಿ ಐತ್ರಿ. ಮಸ್ತ್ ಐತ್ರಿ."

ಬ್ಯಾಕಪ್ ಅಂದರೆ ಏನು? ನಾವು ಮಾಡಿದ ತಪ್ಪನ್ನು ಇನ್ನೊಂದು ಊರಿನಲ್ಲೂ ಭದ್ರವಾಗಿ ಇಟ್ಟುಕೊಳ್ಳುವುದು.

ಹಾಗಾದರೆ ಅಷ್ಟೆಲ್ಲ ಡಿಲೀಟ್ ಮಾಡಿ ನಾನು ಉಳಿಸಿಕೊಂಡದ್ದೇನು? ಅದನ್ನೂ ನೋಡಿದೆ. ಹಂಪಿ. ಹೊಸಪೇಟೆಯಲ್ಲಿ ಮನೆ ಇದ್ದವರ ಕರ್ಮ ನಿಮಗೂ ಗೊತ್ತು. ಬಂದ ನೆಂಟರಿಗೆ ಚಹಾ ಕೊಡದಿದ್ದರೂ ನಡೆಯುತ್ತದೆ, ಹಂಪಿ ತೋರಿಸಲೇಬೇಕು. ಕಲ್ಲಿನ ರಥದ ಮುಂದೆ ನಿಲ್ಲಿಸಿ ಫೋಟೋ ತೆಗೆಯಲೇಬೇಕು. ಒಬ್ಬೊಬ್ಬರದು ಒಂದೊಂದು 'ಸಂದರ್ಭ', ಆದ್ದರಿಂದ ನಿಯಮದ ಪ್ರಕಾರ ಎಲ್ಲವೂ ಪಾಸು. ಎಣಿಸಿದೆ. ಮುನ್ನೂರ ಹನ್ನೆರಡು ಕಲ್ಲಿನ ರಥ.

ಶತಮಾನಗಳಿಂದ ಒಂದು ಗೇಣೂ ಕದಲದ ರಥಕ್ಕೆ ನನ್ನ ಹತ್ತಿರ ಮುನ್ನೂರ ಹನ್ನೆರಡು ಸಾಕ್ಷಿ. ನಾಲ್ಕೇ ವರ್ಷದಲ್ಲಿ ಮಾಯವಾದ ದಾರಿಗೆ ಒಂದೂ ಇಲ್ಲ.

ಈರಣ್ಣನಿಗೆ ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬುಧವಾರ ರಜೆ ಹಾಕಿ ಕಂಪ್ಲಿ ಬಸ್ಸು ಹತ್ತಿದೆ. ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಈರಣ್ಣ ಬೈಕಿನ ಮೇಲೆ ಕಾಯುತ್ತಿದ್ದ.

"ದೊಡ್ಡದು ಪ್ರಿಂಟ್ ಹಾಕ್ಸಿ ತಂದಿಯೇನು?" ಅಂದ.

"ಮೊದ್ಲು ಹೊಲಕ್ಕ ನಡಿ," ಅಂದೆ.

ಹೊಲದಲ್ಲಿ ಹನುಮಂತಪ್ಪ ತನ್ನ ಬಾಳೆಯ ಬಳಿ ನಿಂತಿದ್ದ. ಬದುವಿನ ಮೇಲೆ ಊರಿನ ಇಬ್ಬರು ಹಿರಿಯರು ಟವೆಲ್ ಹಾಸಿಕೊಂಡು ಕೂತಿದ್ದರು. "ಬರ್‍ರಿ, ಕುಂದ್ರಿ" ಆಯಿತು. ಹನುಮಂತಪ್ಪ ಜಗಳಗಂಟನಲ್ಲ. ಸುಳ್ಳು ಹೇಳುತ್ತಿದ್ದನೋ, ನಂಬಿಕೊಂಡೇಬಿಟ್ಟಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ವರ್ಷಗಳು ದಾಟಿದರೆ ಎರಡಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ.

"ಸಾರ್, ನೀವು ಓದಿದೋರು, ನೀವೇ ಹೇಳ್ರಿ," ಅಂದ. "ಇಲ್ಲಿ ಒಬ್ಬ ಮನಷ್ಯಾ ನಡ್ಯೋವಷ್ಟು ಬದು ಇತ್ತು. ನಾ ಯಾಕ ಒಂದು ಸಾಲು ಬಾಳಿ ಕಡೀಲಿ?"

ಹಿರಿಯರಲ್ಲಿ ಒಬ್ಬರು ಗಡ್ಡ ಕೆರೆದುಕೊಂಡರು. "ನಮಗೂ ದಾರಿ ಇದ್ದಂಗ ನೆನಪೈತಿ. ಆದ್ರ ಬಂಡಿ ಹೋಗೋವಷ್ಟು ಇತ್ತೋ, ಆಕಳಾ ಹೋಗೋವಷ್ಟು ಇತ್ತೋ, ಆಣಿ ಮಾಡಿ ಹೇಳಾಕ ಆಗಂಗಿಲ್ಲ. ಫೋಟೋ ತೋರ್ಸ್ರಿ."

ತೋರಿಸಿದೆ. ಬೇರೆ ಏನಿತ್ತು?

ಫೋನು ಕೈಯಿಂದ ಕೈಗೆ ಹೋಯಿತು. ಹನುಮಂತಪ್ಪ ಗೌರವದಿಂದಲೇ ನೋಡಿದ. "ಹೋಳಿಗಿ ಭಾಳ ಚಲೋ ಬಂದಾವ್ರಿ. ದಾರಿ ಎಲ್ಲಿ?"

ಈರಣ್ಣ ನನ್ನ ಮುಖ ನೋಡಿದ. "ಉಳಿದಾವು?"

"ತೆಗದೆ."

"ತೆಗದಿ ಅಂದ್ರ?"

"ಅಳಿಸಿದೆ. ಜಾಗ ಇರ್ಲಿಲ್ಲ."

ಈರಣ್ಣ ತಿರುಗಿ ತನ್ನ ಭತ್ತವನ್ನು ನೋಡಿದ. ಬಯ್ದಿದ್ದರೆ ಚೆನ್ನಾಗಿತ್ತು.

ಆಗ ಚಿಕ್ಕಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಬದುವಿನ ಮೇಲೆ ನಡೆದು ಬಂದಳು. ಎಲ್ಲರ ಮುಖ ಒಮ್ಮೆ ಓದಿದಳು. "ಏನ್ಲೇ, ಯಾರ್ ಸತ್ರು?"

ಈರಣ್ಣ ಹೇಳಿದ. ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಆವತ್ತ ನೀ ನನ್ನ ಫೋನಿಗೆ ಕಳಿಸಿದ್ದೆಲ್ಲೋ ರಾಶಿ. ಟಣ್ ಟಣ್ ಅಂತ ಸಂಜಿತನ ಬಡಕೊಂಡ್ತು."

ನಿಜ. ಆರಿಸಿ ನಾಲ್ಕು ಕಳಿಸಬೇಕೆಂದು ಹೋಗಿ, ಕೈತಪ್ಪಿ ಎಲ್ಲವನ್ನೂ ಒತ್ತಿಬಿಟ್ಟಿದ್ದೆ. ಆಗ ನಾಚಿಕೆಪಟ್ಟುಕೊಂಡಿದ್ದೆ ಕೂಡ. ಆದರೆ ಚಿಕ್ಕಮ್ಮನ ಫೋನು ಅಂದರೆ ನನಗೆ ಭಯ. ಸೀಳು ಬಿಟ್ಟ ಗಾಜು, ಎಲೆ ಅಡಿಕೆಯ ಚಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ವಾಸ. ಫೋಲ್ಡರಿಲ್ಲ, ಹೆಸರಿಲ್ಲ, ತಾರೀಖಿನ ಗೊಡವೆಯಿಲ್ಲ. ಅವಳು ಜೀವಮಾನದಲ್ಲಿ ಒಂದು ಫೋಟೋವನ್ನೂ ಅಳಿಸಿದವಳಲ್ಲ. ಅದರಲ್ಲಿ ನಾಲ್ಕು ವರ್ಷದ ಹಿಂದಿನದನ್ನು ಹುಡುಕುವುದೆಂದರೆ ಸಾವಿರ ಪುಸ್ತಕ ರಾಶಿ ಹಾಕಿದ ಕೋಣೆಯಲ್ಲಿ ಒಂದು ಹಾಳೆ ಹುಡುಕಿದಂತೆ. ವೃತ್ತಿಯವನಾಗಿ ಹೇಳುತ್ತಿದ್ದೇನೆ.

"ಕೊಡು ಚಿಕ್ಕಮ್ಮ, ತಾರೀಖು ಹಾಕಿ ಹುಡುಕ್ತೀನಿ," ಅಂದೆ.

"ತಾರೀಖು ಯಾರಿಗೆ ಗೊತ್ತು? ಆ ವರ್ಷ ನಾ ದಾಳಂಬ್ರಿ ಬಣ್ಣದ ಸೀರಿ ಉಟ್ಟಿದ್ದೆ. ಅದನ್ನ ತಂದಿದ್ದು ತಂಗಿ ಮಗಳ ಚೊಚ್ಚಲ ಬಸರಿನ ಕುಬಸಕ್ಕ. ಕುಬಸಕ್ಕಿಂತ ಈಚೆ, ಹಸಿರು ಇಳಕಲ್ ಸೀರಿಗಿಂತ ಆಚೆ."

ಅವಳು ಮುಖಗಳನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ತಳ್ಳುತ್ತಾ ಬರೀ ಬಣ್ಣ ನೋಡಿದಳು. ಹಸಿರು ಹೋಯಿತು. ಅರಿಶಿನ ಹೋಯಿತು. ಯಾರದೋ ಮದುವೆಯ ನೀಲಿ ಹೋಯಿತು. ನಾನು ಮಜ್ಜಿಗೆ ಕುಡಿದು ಮುಗಿಸುವಷ್ಟರಲ್ಲಿ, "ತಗೋ, ದಾಳಂಬ್ರಿ" ಅಂದಳು.

ಇಪ್ಪತ್ತೈದು ವರ್ಷ ನಾನು ವರ್ಗೀಕರಣ ಮಾಡಿದ್ದೇನೆ. ಸೀರೆಯ ಪದ್ಧತಿ ನನ್ನ ಕೋರ್ಸಿನಲ್ಲಿ ಇರಲಿಲ್ಲ.

ಆ ಫೋಟೋ ಹೇಗಿತ್ತು ಗೊತ್ತೇ? ಕಾಲುಭಾಗ ನನ್ನ ಬೆರಳು. ಒಬ್ಬರೂ ಕ್ಯಾಮೆರಾ ಕಡೆ ನೋಡುತ್ತಿಲ್ಲ. ಇಬ್ಬರ ಬಾಯಿ ತುಂಬ ರೊಟ್ಟಿ, ಚಿಕ್ಕಮ್ಮನ ಕಣ್ಣು ಮುಚ್ಚಿದೆ, ಒಂದು ಬೆನ್ನು ಯಾರದೆಂದೇ ತಿಳಿಯದು. ಬಿಳಿ ಅಂಗಿಯವನ ಅಷ್ಟೂ ನಿಯಮಗಳ ಪ್ರಕಾರ ಕಸ. ಮತ್ತು ಆ ಕಸದ ನಟ್ಟನಡುವೆ, ಎರಡೂ ಬದಿ ತೆನೆ ಹೊತ್ತ ಭತ್ತ, ನಡುವೆ ಅಗಲವಾದ ಮಣ್ಣಿನ ದಾರಿ, ದಾರಿಯ ಮೇಲೆ ನಾವೆಲ್ಲ ಹೋಗಿದ್ದ ಟ್ರ್ಯಾಕ್ಟರ್, ಟ್ರೇಲರ್ ಸಮೇತ. ಎರಡೂ ಗಾಲಿಯ ಆಚೆಗೆ ಇನ್ನೂ ಒಂದು ಮೊಳ ಜಾಗ. ಟ್ರ್ಯಾಕ್ಟರಿನ ನೆರಳಲ್ಲಿ ತಾಟು ಹಿಡಿದು ಕೂತವನು ಸಾಕ್ಷಾತ್ ಹನುಮಂತಪ್ಪ.

ಹಿರಿಯರು ನೋಡಿದರು. ಹನುಮಂತಪ್ಪನ ಕೈಗೆ ಕೊಟ್ಟರು.

ಹನುಮಂತಪ್ಪ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದ. ದಾರಿ ಅಳೆಯುತ್ತಾನೆ ಅಂದುಕೊಂಡೆ. ಅವನು ದೊಡ್ಡದು ಮಾಡಿದ್ದು ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತಿದ್ದ ಒಬ್ಬ ಮುದುಕನನ್ನು. ಕೈಯಲ್ಲಿ ರೊಟ್ಟಿ, ಬಾಯಲ್ಲಿ ಎರಡೇ ಹಲ್ಲು, ಯಾವುದೋ ಮಾತಿಗೆ ಮೈ ಅಲುಗುವಂತೆ ನಗು.

"ನಮ್ಮಪ್ಪ," ಅಂದ.

ಅವನ ತಂದೆ ತೀರಿಕೊಂಡದ್ದು ಅದಾಗಿ ಕೆಲವೇ ತಿಂಗಳಿಗೆ. ಹೊಲ ಹನುಮಂತಪ್ಪನ ಕೈಗೆ ಬಂದದ್ದೂ ಆಗಲೇ.

"ಮನ್ಯಾಗ ಆಧಾರ್ ಕಾರ್ಡಿನ ಫೋಟೋನ ದೊಡ್ಡದು ಮಾಡಿ ಹಾಕೀವ್ರಿ. ಅದ್ರಾಗ ಯಾರ ಮ್ಯಾಲೋ ಸಿಟ್ಟು ಮಾಡ್ಕೊಂಡಂಗ ಅದಾನ. ಇಂಥಾದ್ದು ಒಂದೂ ಇಲ್ಲ." ಇನ್ನಷ್ಟು ಹೊತ್ತು ನೋಡಿದ. ಆಮೇಲೆ ಫೋನಿನಿಂದ ತಲೆ ಎತ್ತದೆಯೇ ಹೇಳಿದ: "ಇವತ್ತ ಒಂದು ಸಾಲು ಕಡಸ್ತೀನಿ, ಈರಣ್ಣ. ಮಷಿನ್ ಬರ್ಲಿ. ಇದೊಂದು ನನಗ ಕಳ್ಸಾಕ ಹೇಳು."

ಇಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಮರ್ಯಾದೆಗೆ ಅದೇ ಒಳ್ಳೆಯದಿತ್ತು. ಆದರೆ ಫೋಟೋ ಹೋಗಲಿಲ್ಲ. ಚಿಕ್ಕಮ್ಮನ ಫೋನು ಕಂಠಮಟ್ಟ ತುಂಬಿತ್ತು. ಏನಾದರೂ ಅಳಿಸು, ಆಮೇಲೆ ಮಾತು ಅಂತ ಹೇಳುತ್ತಿತ್ತು.

"ಏನರ ತೆಗಿಬೇಕು ಚಿಕ್ಕಮ್ಮ," ಅಂದೆ, ಅಳುಕುತ್ತಲೇ. ಇನ್ನು ಮೇಲೆ ಡಿಲೀಟ್ ಎಂಬ ಪದವನ್ನೇ ಬಳಸಬಾರದೆಂದು ಆಗಷ್ಟೇ ತೀರ್ಮಾನಿಸಿದ್ದೆ. "ನೀನೇ ನೋಡಿ ಹೇಳು. ಒಂದೊಂದೂ ಮುಖ್ಯ."

ಅವಳಿಗೆ ಯೋಚನೆಯೇ ಬೇಕಾಗಲಿಲ್ಲ. "ಅವು ತೆಗಿ. ನೀ ವಾರಾ ವಾರಾ ಕಳಸ್ತೀಯಲ್ಲ, ಪೇಪರಿಂದು ಫೋಟೋ ಹೊಡದು."

"ಚಿಕ್ಕಮ್ಮ, ಅವು ನನ್ನ ಅಂಕಣ!"

"ಹೂಂ, ಅವ. ಓದೀನಿ. ಓದಿ ಆತಲ್ಲ, ಇನ್ಯಾಕ ಬೇಕು?"

ಈರಣ್ಣ ಆ ದಿನ ಮೊದಲ ಸಲ ನಕ್ಕ. ನಾನೇ ಕೂತು, ನನ್ನದೇ ಕೈಯಿಂದ, ಬದುವಿನ ಮೇಲೆ, ನಾಲ್ಕು ವರ್ಷದ ಅಂಕಣಗಳನ್ನು ಆರಿಸಿ ಅಳಿಸಿದೆ. ಹನುಮಂತಪ್ಪನ ಜೇಬಿನಲ್ಲಿ 'ಟಣ್' ಅಂತು.

ಗುರುವಾರ ಮಷಿನ್ ಒಳಗೆ ಹೋಗಿ ಬಂತಂತೆ. ಶುಕ್ರವಾರ ಮಳೆ ಬಿತ್ತು.

ನಿಮ್ಮ ಫೋನೂ ತುಂಬಿದ್ದರೆ, ಎಲ್ಲಿಂದ ಶುರು ಮಾಡಬೇಕು ಅಂತ ಈಗ ನಿಮಗೂ ಗೊತ್ತಾಯಿತಲ್ಲವೇ?