ಮಧ್ಯಾಹ್ನದ ಬಡ್ಡಿ

ಮಧ್ಯಾಹ್ನ ಮಲಗುವ ಗಂಡಸರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಸ್ವಂತ ಮನೆಯಲ್ಲಿ ಮಲಗಿದರೆ ಹಾಳಾಗಿ ಹೋಗಲಿ ಅನ್ನಬಹುದು. ಮಸ್ಕಿಯ ಅಮರಗುಂಡಪ್ಪ ಸಾವ್ಕಾರ ನಾಲ್ಕು ವರ್ಷ ಇನ್ನೊಬ್ಬರ ಮನೆಯಲ್ಲಿ ಮಲಗಿ, ಆ ನಿದ್ದೆಯನ್ನೇ ಬಡ್ಡಿ ಅಂತ ವಸೂಲು ಮಾಡಿದ. ಆ ಮನೆಯಾಕೆ ಗದ್ದೆಮ್ಮ. ನಮ್ಮ ಅಜ್ಜಿಯ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ ಇದ್ದುದರಿಂದ, ಅಜ್ಜಿಗೆ ಗೋಡೆಯಾಚೆಯಿಂದ ಕೇಳಿದ್ದೆಲ್ಲ ನನಗೆ ಕತೆಯಾಗಿ ಬಂತು.

ನಿಜಾಮರ ಕಾಲದ ಮಾತು ಇದು. ಗದ್ದೆಮ್ಮನಿಗೆ ದೇವರು ಎತ್ತರ ಕೊಟ್ಟಿರಲಿಲ್ಲ, ಬಣ್ಣ ಕೊಟ್ಟಿರಲಿಲ್ಲ. ಇದ್ದಬದ್ದದ್ದನ್ನೆಲ್ಲ ಗಂಟಲಿಗೆ ಸುರಿದು ಕೈ ತೊಳೆದುಕೊಂಡಿದ್ದ. ಅವಳು ಅಂಗಳದಲ್ಲಿ ನಿಂತು ಕೋಳಿ ಕರೆದರೆ ಹಳ್ಳದ ಆಚೆಯ ಓಣಿಯ ಕೋಳಿಗಳೂ ಗಾಬರಿಯಾಗಿ ಹೊರಡುತ್ತಿದ್ದವಂತೆ. ಗಂಡ ಆದೆಪ್ಪ ಚಿಕ್ಕಂದಿನಿಂದ ಡೊಳ್ಳು ಬಾರಿಸಿ ಬಾರಿಸಿ ಕಿವಿ ಮುಕ್ಕಾಲು ಕಳಕೊಂಡವನು. ಊರಿನಲ್ಲಿ ಅವನ ಕಿವಿಗೆ ಮುಟ್ಟುವ ದನಿ ಒಂದೇ ಒಂದಿತ್ತು, ಅದನ್ನೇ ಮದುವೆಯಾಗಿದ್ದ. ಇವರಿಬ್ಬರೂ ಉಪ್ಪು ಮೆಣಸಿನ ಮಾತಾಡಿದರೂ ಓಣಿಯವರು ಜಗಳ ಬಿಡಿಸಲು ಓಡಿ ಬರುತ್ತಿದ್ದರು.

ಗಂಡ ಹೆಂಡತಿ ಕೂಡಿ ಮನೆ ಕಟ್ಟಿದರು. ಗೋಡೆ ಎದ್ದ ಮೇಲೆ ತೊಲೆ ಜಂತಿಗೆ ರೊಕ್ಕ ಸಾಲಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಕಾಳಿನ ಅಂಗಡಿಯ ಅಮರಗುಂಡಪ್ಪ ನೂರೈವತ್ತು ರೂಪಾಯಿ ಕೊಟ್ಟ, ಭೋಗ್ಯದ ಮೇಲೆ. ಭೋಗ್ಯದಲ್ಲಿ ಸಾಲಕ್ಕೆ ಬಡ್ಡಿ ಇರುವುದಿಲ್ಲ. ಅದರ ಬದಲು ಅಡವಿಟ್ಟದ್ದನ್ನು ಸಾಲ ಕೊಟ್ಟವನು ಅನುಭವಿಸುತ್ತಾನೆ. ಹೊಲವಾದರೆ ಉಳುತ್ತಾನೆ, ಮನೆಯಾದರೆ ಇರುತ್ತಾನೆ.

ಅಮರಗುಂಡಪ್ಪ ಮಾತ್ರ, "ಇಡೀ ಮನಿ ನಾ ತಗೊಂಡ್ರ ನೀವೆಲ್ಲಿಗೆ ಹೋಗ್ತೀರಿ ಪಾಪ? ನನಗ ಪಡಸಾಲಿ ಸಾಕು. ಅದೂ ಮಧ್ಯಾನ ಉಂಡ ಮ್ಯಾಲಿಂದ ಹೊತ್ತು ಇಳಿಯೋತನ" ಅಂದ. ಊರೆಲ್ಲ ಅವನನ್ನು ಧರ್ಮಾತ್ಮ ಅಂತ ಹೊಗಳಿತು. ಅವನ ಸ್ವಂತ ಮನೆಗೆ ತಗಡು ಹೊದಿಸಿದ್ದು ಯಾರ ನೆನಪಿಗೂ ಬರಲಿಲ್ಲ. ಬೇಸಿಗೆಯಲ್ಲಿ ಅದರ ಕೆಳಗೆ ಹಪ್ಪಳ ಇಟ್ಟರೆ ತಾನೇ ಸುಟ್ಟುಕೊಳ್ಳುತ್ತಿತ್ತು. ಗದ್ದೆಮ್ಮನದು ಮಣ್ಣಿನ ಮಾಳಿಗೆ, ತಣ್ಣನೆಯ ಪಡಸಾಲೆ, ಎದುರಿಗೆ ಬೇವಿನ ಗಿಡ.

ಲಿಂಗಸುಗೂರಿಗೆ ಹೋಗಿ ಕಾಗದ ಮಾಡಿಸಿ ಬಂದ ಸಾವ್ಕಾರ ಇನ್ನೊಂದು ಮಾತು ತೆಗೆದ. "ಮುದ್ದತ್ತು ಏಳು ವರ್ಷ. ನಾ ಮಲಗಿದಾಗ ಈ ಮನ್ಯಾಗ ಗುಬ್ಬಿ ಸೈತ ಚಿಂವ್ ಅನಬಾರದು. ಕಾಗದದಾಗ ಬರಸೀನಿ."

ಕಾಗದ ಉರ್ದುವಿನಲ್ಲಿತ್ತು. ಅದು ಗದ್ದೆಮ್ಮನಿಗೂ ಬಾರದು, ಆದೆಪ್ಪನಿಗೂ ಬಾರದು, ನಿಜ ಹೇಳಬೇಕೆಂದರೆ ಸಾವ್ಕಾರನಿಗೂ ಬಾರದು. ಓದಲು ಬಾರದ ಕಾಗದಕ್ಕೆ ಹೆದರುವಷ್ಟು ನಮ್ಮ ಜನ ಹುಲಿಗೂ ಹೆದರುವುದಿಲ್ಲ. ಗದ್ದೆಮ್ಮ ತನ್ನ ಪಾಲಿನ ನಕಲನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟು, ಸೋಮವಾರಕ್ಕೊಮ್ಮೆ ಅದಕ್ಕೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚುತ್ತಿದ್ದಳು.

ಕಷ್ಟ ಏನೆಂದರೆ, ಆದೆಪ್ಪ ಮನೆಯಲ್ಲಿ ಇರುತ್ತಿದ್ದುದೇ ಆ ಹೊತ್ತಿನಲ್ಲಿ. ಬೆಳಕು ಹರಿಯುವ ಮೊದಲೇ ಗೌಡರ ತೋಟದ ಬಾವಿಯಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಲಿ ಹೊಡೆಯುತ್ತಿದ್ದ. ಸಂಜೆ ಮತ್ತೆ ಕಪಲಿ, ರಾತ್ರಿ ಹಂದಿ ಕಾಯಲು ಅಲ್ಲೇ ವಸ್ತಿ. ಹಬ್ಬ ಬಂದರೆ ಡೊಳ್ಳು ಅಂತ ಊರವರು ಎಳಕೊಂಡು ಹೋಗುತ್ತಿದ್ದರು. ಹೆಂಡತಿಯ ಮುಂದೆ ಕೂತು ಎರಡು ರೊಟ್ಟಿ ತಿನ್ನುವುದು ಮಧ್ಯಾಹ್ನ ಒಂದೇ. ಅವಳು ಪಿಸುಗುಟ್ಟಿದರೆ ಅವನಿಗೆ ಕೇಳುವುದಿಲ್ಲ. ಅವನಿಗೆ ಪಿಸುಗುಟ್ಟಲು ಬರುವುದೇ ಇಲ್ಲ. ಕಿವುಡರ ಗುಟ್ಟು ಊರಿಗೆಲ್ಲ ಗೊತ್ತು. ಅದಕ್ಕೇ ಅವನು ಭಂಡಾರ ಮುಟ್ಟಿ ಆಣೆ ಮಾಡಿಬಿಟ್ಟ: ಸಾಲ ತೀರುವ ತನಕ ಮಧ್ಯಾಹ್ನ ಬಾಯಿ ತೆರೆಯುವುದಿಲ್ಲ, ಉಣ್ಣುವುದಕ್ಕೆ ಬಿಟ್ಟು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಆ ಮನೆಯಲ್ಲಿ ಉಣ್ಣುವವನು ಒಬ್ಬ, ಮಲಗುವವನು ಇನ್ನೊಬ್ಬ. ಜಗಳಕ್ಕೆ ಜಾಗವೇ ಉಳಿಯಲಿಲ್ಲ.

ಕೈಸನ್ನೆಯ ಸಂಸಾರ ಶುರುವಾಯಿತು. ಒಂದು ದಿನ ಕೋಳಿ ಕಳೆದಿದೆ ಅಂತ ಹೇಳಲು ಗದ್ದೆಮ್ಮ ಎರಡೂ ತೋಳು ಪಟಪಟ ಬಡಿದು ತೋರಿಸಿದಳು. ಆದೆಪ್ಪ ಬಹಳ ಹೊತ್ತು ಯೋಚಿಸಿ, ಎದ್ದು ಹೋಗಿ, ಎಲ್ಲಿಂದಲೋ ಒಂದು ಏಣಿ ತಂದು ಮಾಳಿಗೆಗೆ ಹಚ್ಚಿ, ಹತ್ತು ಅಂತ ಸನ್ನೆ ಮಾಡಿದ. ಇನ್ನೊಂದು ದಿನ ಅವನು ಉಣ್ಣುತ್ತಾ ಐದೂ ಬೆರಳು ಕೂಡಿಸಿ ತಾಟಿನ ಮೇಲೆ ಆಡಿಸಿದ. ಗದ್ದೆಮ್ಮ ನಾಚಿ ಕೆಂಪಾಗಿ, ಸಂಜೆ ನಮ್ಮ ಅಜ್ಜಿಯ ಮುಂದೆ, "ಮುತ್ತು ಉದುರಿಸಿದಂಗ ಆಗೇತಿ ಸಾರು ಅಂದ್ರು ಬೇ ಯಕ್ಕಾ" ಅಂತ ಹೇಳಿಕೊಂಡಳು. ಅವತ್ತಿನಿಂದ ಸಾರಿನ ಹದ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಸದ್ದಿಲ್ಲದೆ ಮಾಡಬಹುದಾದ ಕೆಲಸ ಯಾವುದು? ಕುಟ್ಟುವಂತಿಲ್ಲ, ಬೀಸುವಂತಿಲ್ಲ. ಗದ್ದೆಮ್ಮ ಕೌದಿ ಹೊಲಿಯಲು ಕೂತಳು. ಹಳೆ ಸೀರೆ, ಹರಿದ ಧೋತರ, ಚಿಂದಿ ಎಲ್ಲ ಕೂಡಿಸಿ, ಪಡಸಾಲೆಯಲ್ಲಿ ಸಾವ್ಕಾರನ ಗೊರಕೆ ಒಂದು ಹೋಗಿ ಒಂದು ಬರುವಾಗ ಒಂದೊಂದು ಟಾಕು ಹಾಕುತ್ತಿದ್ದಳು. ಗೊರಕೆ ಅಷ್ಟು ಹದವಾಗಿದ್ದುದರಿಂದ ಟಾಕೂ ಒಂದೇ ಅಳತೆಗೆ ಬೀಳುತ್ತಿತ್ತಂತೆ. ಬಳಗಾನೂರಿನಲ್ಲಿ ಮಾರಿದಳು, ಸಿಂಧನೂರಿನ ಸಂತೆಯಲ್ಲಿ ಮಾರಿದಳು. ಮಸ್ಕಿಯ ಕೌದಿ ಅಂದರೆ ಒಳ್ಳೇ ಹೆಸರಾಯಿತು. ಆ ಹೆಸರಿನಲ್ಲಿ ಅರ್ಧ ಸಾವ್ಕಾರನ ಮೂಗಿಗೆ ಸೇರಬೇಕು.

ನಾಲ್ಕು ವರ್ಷಕ್ಕೆ ಅರವತ್ತು ಕೌದಿ, ಕೈಯಲ್ಲಿ ಪೂರಾ ನೂರೈವತ್ತು. ಗದ್ದೆಮ್ಮ ಗಂಟು ಕಟ್ಟಿಕೊಂಡು ಸಾವ್ಕಾರನ ಅಂಗಡಿಗೆ ಹೋದಳು. ಅವನು ಗಂಟನ್ನು ಹಾವು ನೋಡಿದಂತೆ ನೋಡಿದ.

"ಈಗ ಯಾಕ ತಂದಿ? ಮುದ್ದತ್ತು ಏಳು ವರ್ಷ ಐತಿ. ಇನ್ನಾ ಮೂರು ವರ್ಷ ನಾ ಮಲಗಬೇಕು. ಇಟ್ಕೋ ನಿನ್ನ ರೊಕ್ಕ."

ಸಾಲ ಕೊಡಲ್ಲ ಅನ್ನುವವರನ್ನು ನೋಡಿದ್ದೇವೆ. ಸಾಲ ಇಸಕೊಳ್ಳಲ್ಲ ಅನ್ನುವವನನ್ನು ಏನು ಮಾಡುವುದು? ಗದ್ದೆಮ್ಮ ಡಬ್ಬಿ ಎತ್ತಿಕೊಂಡು, ಲಿಂಗಸುಗೂರಿಗೆ ಹೊರಟ ಸೇಂಗಾ ಬಂಡಿ ಹತ್ತಿದಳು.

ಕಚೇರಿಯ ಮುಂದೆ ಹುಣಸೆ ಗಿಡದ ಕೆಳಗೆ ಅರ್ಜಿ ಬರೆಯುವ ಹುಸೇನ್‌ಸಾಬ್ ಕೂತಿದ್ದ. ಭಂಡಾರ ಹತ್ತಿ ಹಳದಿಯಾದ ಕಾಗದವನ್ನು ಊದಿ ಬಿಡಿಸಿದ. "ಅರೇ, ಇದು ನಾನೇ ಬರದದ್ದು. ಹಾಂ, ಏಳು ವರ್ಷ. ಅಂವ ಒಪ್ಪಿದ್ರ ಮೊದಲ ಬಿಡಿಸ್ಕೊಬಹುದು. ಒಲ್ಲೆ ಅಂದ್ರ ಯಾರೂ ಏನೂ ಮಾಡಾಕ ಬರಾಂಗಿಲ್ಲವ್ವ."

ಗದ್ದೆಮ್ಮನ ಕಣ್ಣಲ್ಲಿ ನೀರು ತುಂಬಿತು. "ಹಂಗಾರ ಇನ್ನಾ ಮೂರು ವರ್ಷ ನಾ ಬಾಯಿ ಮುಚ್ಕೊಂಡು ಇರಬೇಕೇನ್ರಿ ಸಾಬಣ್ಣ?"

"ಬಾಯಿ ಯಾಕ ಮುಚ್ತಿ?"

"ಗದ್ದಲ ಮಾಡಬಾರದು ಅಂತ ಬರದದಲ್ರಿ ಅದರಾಗ."

ಹುಸೇನ್‌ಸಾಬ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. "ಬರೀ ಅಂತ ಹೇಳಿದ್ದೇನೋ ಖರೇ. ಸರ್ಕಾರಿ ಕಾಗದದಾಗ 'ಗುಬ್ಬಿ ಚಿಂವ್ ಅನಬಾರದು' ಅಂತ ಬರದ್ರ ತಹಶೀಲ್ದಾರರು ನನ್ನನ್ನ ಈ ಗಿಡದ ಮ್ಯಾಲ ಕೂಡಸ್ತಿದ್ರು. ನಾ ಬರೀಲಿಲ್ಲ." ಆಮೇಲೆ ಸ್ವಲ್ಪ ಮೆತ್ತಗೆ, "ಆ ಸಾಲಿಗೂ ಎರಡಾಣೆ ಇಸಕೊಂಡೀನಿ, ಅವಗ ಹೇಳಬ್ಯಾಡ" ಅಂದ.

ಗದ್ದೆಮ್ಮ ಹುಣಸೆ ಗಿಡದ ಕೆಳಗೇ ನಿಂತು ಗಂಟಲು ಸರಿ ಮಾಡಿಕೊಂಡಳು. ಕಚೇರಿಯ ಮಾಡಿನಿಂದ ಪಾರಿವಾಳಗಳೆಲ್ಲ ಎದ್ದು ಹೋದವು.

ಮರುದಿನ ಮಧ್ಯಾಹ್ನ ಸಾವ್ಕಾರ ಎಂದಿನಂತೆ ಬಂದ. ರುಮಾಲು ಬಿಚ್ಚಿ ತಲೆದಿಂಬು ಮಾಡಿ, ಕೌದಿಯ ಮೇಲೆ ಕಾಲು ಚಾಚಿದ. ಮೊದಲನೆಯ ಗೊರಕೆ ಅರ್ಧ ಹೊರಬಂದಿತ್ತು.

"ಏನ್ರೀ! ಇನ್ನೊಂದು ರೊಟ್ಟಿ ಹಾಕ್ಲ್ಯಾ?"

ಅಮರಗುಂಡಪ್ಪ ಎದ್ದು ಕೂರಲಿಲ್ಲ, ಎದ್ದು ನಿಂತುಬಿಟ್ಟ. ನಮ್ಮ ಅಜ್ಜಿಯ ಗೋಡೆಯ ಮಾಡದಲ್ಲಿದ್ದ ಎಣ್ಣೆ ಬಟ್ಟಲು ಕೆಳಗೆ ಬಿತ್ತು. "ಕಾಗದ! ಕಾಗದದಾಗ ಐತಿ!" ಅಂತ ಸಾವ್ಕಾರ ಕೂಗಿದ. "ಕಾಗದದಾಗ ಇಲ್ರಿ ಸಾವ್ಕಾರ್ರ! ಓದಿಸ್ಕೊಂಡು ಬಂದೀನಿ!" ಅಂತ ಗದ್ದೆಮ್ಮ ಅದಕ್ಕಿಂತ ಜೋರಾಗಿ ಕೂಗಿದಳು.

ಆದೆಪ್ಪನಿಗೆ ಕೇಳಿಸಿತ್ತು. ನಾಲ್ಕು ವರ್ಷದ ಮೇಲೆ ಮೊದಲ ಸಲ ಹೆಂಡತಿಯ ದನಿ. ಕೈಯಲ್ಲಿ ರೊಟ್ಟಿ ಹಾಗೇ ಹಿಡಿದುಕೊಂಡು ಅವಳನ್ನೇ ನೋಡಿದ, ಬಾಯಿ ತೆರೆದ. ಆಣೆ ನೆನಪಾಯಿತು. ಗಪ್ಪನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದ. ಕಾಗದದಲ್ಲಿ ಇರಲಿ ಬಿಡಲಿ, ಅವನು ಮುಟ್ಟಿದ್ದು ಭಂಡಾರ. ಸಾಲ ಇನ್ನೂ ತೀರಿಲ್ಲ. ಗದ್ದೆಮ್ಮನಿಗೆ ಎಷ್ಟು ಸಂಕಟವಾಯಿತೆಂದರೆ, ಉತ್ತರವಿಲ್ಲದ ಮೇಲೆ ಈ ಗಂಟಲು ಇದ್ದರೆಷ್ಟು ಬಿಟ್ಟರೆಷ್ಟು ಅನ್ನಿಸಿತು.

ಆದರೆ ಗಂಟಲು ಒಂದೇ ಅವಳ ಬಳಿ ಇದ್ದ ಹತಾರ. ಎರಡನೆಯ ದಿನ ಒನಕೆ ತಗೊಂಡು ಕುಟ್ಟಿದಳು, ಕುಟ್ಟುತ್ತಾ ಹಾಡಿದಳು. ಹಾಡು ಮುಗಿದ ಮೇಲೆ ಕೋಳಿಗಳನ್ನು ಕೂರಿಸಿಕೊಂಡು ಅವುಗಳ ಅಜ್ಜಿ ಮುತ್ತಜ್ಜಿಯರ ಗುಣಗಾನ ಹೇಳಿದಳು. ಮೂರನೆಯ ದಿನ ಸಾವ್ಕಾರ ಕಿವಿಗೆ ಹತ್ತಿ ತುರುಕಿಕೊಂಡು ಬಂದ. ಅವಳು ಹತ್ತಿರವೇ ಹೋಗಿ ಕೂತು, "ಹತ್ತಿ ಹಾಕ್ಕೊಂಡೀರಿ, ಚಲೋ ಮಾಡೀರಿ, ಕಿವಿ ಬೆಚ್ಚಗಿರ್ತಾವ!" ಅಂದಳು. ಹತ್ತಿ ದಾಟಿ ಹೋಯಿತು. ಆ ಮೂರು ದಿನ ಸಾವ್ಕಾರ ಅಂಗಡಿಯಲ್ಲಿ ತೂಕಡಿಸುತ್ತಾ ಜೋಳ ಕೇಳಿದವರಿಗೆ ತೊಗರಿ ಅಳೆದನಂತೆ.

ನಾಲ್ಕನೆಯ ದಿನ ಬೆಳಿಗ್ಗೆಯೇ ಕಾಗದ ಹಿಡಿದುಕೊಂಡು ಬಂದ, ಕಣ್ಣು ಕೆಂಪಗೆ. ಪಡಸಾಲೆ ಹತ್ತಲಿಲ್ಲ.

"ಯವ್ವಾ, ನಿನ್ನ ರೊಕ್ಕ ಕೊಡು. ನನಗ ಈ ಭೋಗ ಸಾಕಾಗೇತಿ."

ಗದ್ದೆಮ್ಮ ಗಂಟು ಕೊಟ್ಟಳು. ಕಾಗದ ಇಸಕೊಂಡು, ಅವನು ಮಲಗುತ್ತಿದ್ದ ಕೌದಿಯನ್ನೂ ಝಾಡಿಸಿ ಮಡಿಚಿ ಅವನ ಹೆಗಲ ಮೇಲೆ ಹಾಕಿದಳು. "ತಗೊಂಡು ಹೋಗ್ರಿ. ಇದು ನಿಮ್ಮ ಗೊರಕಿಗೇ ಹೊಲದದ್ದು" ಅಂದಳು. ಅವನು ಅಂಗಡಿಯ ಕಾಳಿನ ಚೀಲಗಳ ಮೇಲೆ ಅದನ್ನು ಹಾಸಿಕೊಂಡು ಸಾಯುವ ತನಕ ಅಲ್ಲೇ ಮಲಗಿದ. ಕೌದಿಯಷ್ಟೇ ಅವನಿಗೆ ದಕ್ಕಿದ ಬಡ್ಡಿ.

ಮಧ್ಯಾಹ್ನ ಆದೆಪ್ಪ ಬಂದಾಗ ಪಡಸಾಲೆ ಬರಿದಾಗಿತ್ತು. ಗದ್ದೆಮ್ಮ ಅಲ್ಲೇ, ನಟ್ಟನಡುವೆ, ತಾಟು ಇಟ್ಟಿದ್ದಳು. ಕಾಗದ ತೋರಿಸಿ ಒಲೆಗೆ ಹಾಕಿದಳು. ಅದು ಪೂರಾ ಬೂದಿಯಾಗುವ ತನಕ ಆದೆಪ್ಪ ನೋಡಿದ, ಆಮೇಲೆ ಬಂದು ಕೂತ. ನಮ್ಮ ಅಜ್ಜಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು. ಕಿವಿ ಹಚ್ಚುವ ಅಗತ್ಯ ಇರಲಿಲ್ಲ.

"ಇನ್ನ ಮಾತಾಡ್ರೀ! ಏನರ ಹೇಳ್ರೀ!" ಅಂದಳು ಗದ್ದೆಮ್ಮ.

ಆದೆಪ್ಪ ಒಂದು ತುತ್ತು ಸಾರಿನಲ್ಲಿ ಅದ್ದಿ ತಿಂದ. ನಾಲ್ಕು ವರ್ಷ ತಡೆದಿಟ್ಟುಕೊಂಡ ದನಿ ಒಮ್ಮೆಲೇ ಹೊರಬಂತು. ಅಂಗಡಿಯಲ್ಲಿ ಮಲಗಿದ್ದ ಅಮರಗುಂಡಪ್ಪನೂ ಎದ್ದು ಕೂತನಂತೆ.

"ಉಪ್ಪು ಕಮ್ಮಿ ಆಗೇತಿ!"

"ಇವತ್ತೇನ್ರಿ?"

"ನಾಕು ವರ್ಷದಿಂದ! ಬೆರಳು ಕೂಡಿಸಿ ತೋರಿಸಿದ್ನಲ್ಲ!"

ಗದ್ದೆಮ್ಮ ಉಪ್ಪಿನ ಗಡಿಗೆಯನ್ನು ಇಡಿಯಾಗಿ ತಂದು ಅವನ ಮುಂದೆ ಕುಕ್ಕಿದಳು. ಅಳುತ್ತಲೇ ಬೈಯಲು ಶುರು ಮಾಡಿದಳು. ಏಣಿಯಿಂದ ಹಿಡಿದು ಒಂದೊಂದಾಗಿ ತೆಗೆದಳು. ಅವನು ಒಂದಕ್ಕೂ ಬಿಡದೆ ಉತ್ತರ ಕೊಟ್ಟ. ಓಣಿಯವರು ಜಗಳ ಬಿಡಿಸಲು ಓಡಿ ಬಂದರೆ, ನಮ್ಮ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಲ್ಲೇ ಎಲ್ಲರನ್ನೂ ತಡೆದಳು.

ಆವತ್ತು ಸಂಜೆ ಆದೆಪ್ಪ ಕಪಲಿಗೆ ಹೋಗಲಿಲ್ಲ. ನಾಲ್ಕು ವರ್ಷದ ಜಗಳ ಬಾಕಿ ಇತ್ತು.