ಕಲೆ ಬೀಳದ ಎಡತೋಳು

ಮಗಳು ಹುಟ್ಟಿದಾಗ ಟಿಬಿ ಬಾರದಿರಲೆಂದು ಎಡತೋಳಿಗೆ ಬಿಸಿಜಿ ಲಸಿಕೆ ಹಾಕಿಸಿದ್ದೆವು. ಜೊತೆಯ ಮಕ್ಕಳಿಗೆಲ್ಲ ಸೂಜಿ ತೆಗೆದ ಕೂಡಲೇ ಸೊಳ್ಳೆ ಕಚ್ಚಿದ ಹಾಗೆ ಚರ್ಮ ಉಬ್ಬಿತು, ಇವಳಿಗೆ ಉಬ್ಬಲಿಲ್ಲ. ಆಮೇಲೆ ಹುಣ್ಣೂ ಆಗಲಿಲ್ಲ, ಕಲೆಯೂ ಬೀಳಲಿಲ್ಲ. ಚರ್ಮದಲ್ಲಿ ನಿಲ್ಲದೆ ಸೂಜಿ ಆಳಕ್ಕೆ ಹೋಯಿತೇನೋ ಎಂದು ನಾನು ಅತ್ತರೆ, "ಹುಣ್ಣಾಗ್ಲಿಲ್ಲ ಅಂತ ಅಳೋ ತಾಯೀನ ಇವತ್ತೇ ಕಣಮ್ಮ ನೋಡ್ತಿರೋದು" ಎಂದು ಅತ್ತೆ ನಕ್ಕರು.

ಮಾವ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್. ಅವರ ಕೆಮ್ಮನ್ನು ನಾವೆಲ್ಲ ಅಲ್ಲಿಯ ಧೂಳಿನ ತಲೆಗೆ ಕಟ್ಟಿದ್ದೆವು. ಕಫದ ಪರೀಕ್ಷೆಯಲ್ಲಿ ಟಿಬಿ ಎಂದು ಗೊತ್ತಾಯಿತು. ಮಗು ಮಲಗುತ್ತಿದ್ದುದೇ ಅವರ ಎದೆಯ ಮೇಲೆ.

ಅತ್ತೆ ಅವರ ತಟ್ಟೆ, ಲೋಟ ಬೇರೆ ಮಾಡಿದರು. ಅಷ್ಟಕ್ಕೇ ಎಲ್ಲರಿಗೂ ಧೈರ್ಯ. ನನಗೆ ಮಾತ್ರ ಊಟ ಸೇರಲಿಲ್ಲ. ಮಗುವನ್ನು ಎತ್ತಿಕೊಂಡು ಕನಕಪುರದ ಡಾಕ್ಟರ ಹತ್ತಿರ ಹೋಗಿ ಕಲೆಯಿಲ್ಲದ ಆ ತೋಳು ತೋರಿಸಿದೆ.

"ಕಲೆ ಇಲ್ಲ ಅಂದ್ರೆ ಲಸಿಕೆ ಹಿಡಿದಿಲ್ಲ ಅಂತಲ್ಲಮ್ಮ. ಕಲೆ ಇದ್ರೂ ಗ್ಯಾರಂಟಿ ಇಲ್ಲ" ಎಂದರು. "ನಾವು ಹಾಕೋದು ಚರ್ಮಕ್ಕೆ, ಕಾಯಿಲೆ ಬರೋದು ಉಸಿರಿನ ದಾರೀಲಿ. ಚಿಕ್ಕ ಮಕ್ಕಳಿಗೆ ಮಿದುಳಿಗೆ ಏರದ ಹಾಗೆ ಬಹಳ ಮಟ್ಟಿಗೆ ತಡೆಯುತ್ತೆ. ಶ್ವಾಸಕೋಶಕ್ಕೆ ಅಷ್ಟು ಕಾವಲು ಸಿಗಲ್ಲ." ಮಗುವನ್ನು ಪರೀಕ್ಷೆ ಮಾಡಿ, ಮುಂಜಾಗ್ರತೆಗೆ ಮಾತ್ರೆ ಬರೆದರು. ಕೊನೆಗೆ, "ಮನೇಲಿ ಗಾಳಿ ಆಡುತ್ತಾ?" ಎಂದು ಕೇಳಿದರು.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳದ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದು, ಥಂಡಿ ಗಾಳಿ ತಾಗಬಾರದು ಎಂದು ಕಿಟಕಿಗಳಿಗೆಲ್ಲ ಗೋಣಿಚೀಲ ಜಡಿದಿದ್ದೆವು. ತಟ್ಟೆ ಬೇರೆ ಮಾಡಿದವರು ಉಸಿರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿಕೊಂಡು ಕೂತಿದ್ದೆವು!

ಬಂದವಳೇ ಗೋಣಿ ಕಿತ್ತೆಸೆದೆ. "ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲಿ ಹುಳ ಸಾಯ್ಸ್‌ಬುಡ್ತೀಯಲ್ಲೇ!" ಎಂದು ಅತ್ತೆ ಕೂಗಾಡಿದರು. ಡಾಕ್ಟರ ಮಾತು ಹೇಳಿದೆ. ಮಾವ ಚಾಪೆ ಸುತ್ತಿಕೊಂಡು ಜಗಲಿಗೆ ಹೋದರು.

ಮಗಳು ಅಂಬೆಗಾಲಿಡುತ್ತ ಅವರ ಹಿಂದೆಯೇ ಹೊಸ್ತಿಲ ತನಕ ಹೋದಳು. "ಬರಬ್ಯಾಡ ಕಣವ್ವ, ನಿನ್ ದಮ್ಮಯ್ಯ" ಎಂದು ಮಾವ ಟವೆಲ್ಲು ಬಾಯಿಗೆ ಒತ್ತಿ ಗೋಡೆ ಕಡೆ ತಿರುಗಿದರು. ಅವಳಿಗೆ ಅದು ಕಣ್ಣಾಮುಚ್ಚಾಲೆ. ಕೇಕೆ ಹಾಕಿ ನಕ್ಕಳು. ನಗುತ್ತ ನಗುತ್ತ ಒಮ್ಮೆ ಕೆಮ್ಮಿದಳು.

ಮಾವ ಥಟ್ಟನೆ ತಿರುಗಿ ನನ್ನನ್ನು ನೋಡಿದರು. ಇನ್ನೊಂದು ಕೆಮ್ಮು ಬರುತ್ತದೇನೋ ಎಂದು ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು.