ಉತ್ತಯ್ಯ ಕೋವಿ ನೋಡಿದ್ದು

ಉತ್ತಯ್ಯನನ್ನು ಆಲ್ರೊಯ್ ಮೊದಲು ಕಂಡದ್ದು ಅರಬ್ ನಾಡಿನ ಫರ್ವಾನಿಯಾದ ಕಂಪನಿ ಆಫೀಸಿನಲ್ಲಿ, ಒಂದು ಬೇಸಿಗೆಯ ಬೆಳಿಗ್ಗೆ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕುತ್ತಿಗೆಯವರೆಗೂ ಹಾಕಿದ ಗುಂಡಿ, ಕಂಕುಳಲ್ಲಿ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಕವರು. ಹೊಸಬರ ಕಾಗದಪತ್ರ ನೋಡುವ ಕೆಲಸದ ಆಲ್ರೊಯ್ ಕುರ್ಚಿ ತೋರಿಸಿದರೆ ಆಸಾಮಿ ಕೂರಲಿಲ್ಲ. ಕುರ್ಚಿಯನ್ನು ಅಲುಗಿಸಿ, ಬುಡಮೇಲು ಮಾಡಿ, ಸಡಿಲವಾಗಿದ್ದ ಸ್ಕ್ರೂ ಒಂದನ್ನು ಕಿಸೆಯ ನಾಣ್ಯದಿಂದ ಬಿಗಿದು, ಆಮೇಲೆ ಕೂತ.

"ನೀವು ಕುರ್ಚಿ ರಿಪೇರಿಗೆ ಬಂದದ್ದಾ, ಸೇಫ್ಟಿ ಆಫೀಸರ್ ಕೆಲಸಕ್ಕಾ?" ಎಂದ ಆಲ್ರೊಯ್.

"ಬಿದ್ದ ಮೇಲೆ ರಿಪೋರ್ಟ್ ಬರಿಯೋದಕ್ಕಿಂತ ಬೀಳೋ ಮುಂಚೆ ನೋಡೋದು ಒಳ್ಳೇದಲ್ವಾ ಸರ್?"

ಈ ಮನುಷ್ಯ ತನ್ನ ತಾಳ್ಮೆ ಹಿಂಡುತ್ತಾನೆಂದು ಆಲ್ರೊಯ್‌ಗೆ ಅಂದೇ ಅನ್ನಿಸಿತ್ತು. ಮುಂದೆ ಇಬ್ಬರಿಗೂ ಒಂದೇ ಫ್ಲ್ಯಾಟ್ ಸಿಕ್ಕಿದಾಗ ಅದು ಖಾತ್ರಿಯಾಯಿತು. ಉತ್ತಯ್ಯ ಒಂದು ಹಿಡಿ ಬೆಂಡೆಕಾಯಿ ಕೊಳ್ಳುವಷ್ಟರಲ್ಲಿ ಆಲ್ರೊಯ್ ಅನ್ನ ಬೇಯಿಸಿ, ಉಂಡು, ತಟ್ಟೆ ತೊಳೆದಿಟ್ಟಿರುತ್ತಿದ್ದ.

ಇಂಥವನನ್ನು ಕಂಪನಿಯ ಯಜಮಾನ ಬು ಹಮದ್ ಬಂದೂಕು ಪರೀಕ್ಷಕನನ್ನಾಗಿ ಮಾಡಿಕೊಂಡರು. ಹಳೆಯ ಸೈನ್ಯದ ರೈಫಲ್ ಒಂದು ಬೇಕೆಂಬುದು ಅವರ ಹೊಸ ಹುಚ್ಚು. ಪರವಾನಗಿ ಕೈಗೆ ಬಂದಿತ್ತು. ಬಂದೂಕಿನ ಗಂಧಗಾಳಿ ಮಾತ್ರ ಇರಲಿಲ್ಲ. ಉತ್ತಯ್ಯನ ಊರಾದ ಕೊಡಗಿನಲ್ಲಿ ಮನೆಮನೆಯಲ್ಲೂ ಕೋವಿ ಇಟ್ಟು ಪೂಜಿಸುತ್ತಾರೆಂದು ಯಾರೋ ಕಿವಿಗೆ ಹಾಕಿದ್ದೇ ಸಾಕಾಯಿತು. ಉತ್ತಯ್ಯ ಕೈಮುಗಿದ: ನಮ್ಮ ಮನೆಯ ಕೋವಿಗೆ ಕೈಲ್ ಪೊಳ್ದ್ ಹಬ್ಬದಲ್ಲಿ ಗಂಧ ಹಚ್ಚಿ ಹೂ ಮುಡಿಸಿದ್ದೇನೆಯೇ ಹೊರತು ಗುಂಡು ಹಾರಿಸಿದವನಲ್ಲ, ಸೈನ್ಯದ ರೈಫಲ್ಲಂತೂ ಮುಟ್ಟಿಯೂ ಇಲ್ಲ. ಆಲ್ರೊಯ್ ಅದನ್ನು ಅರಬ್ಬಿಯಲ್ಲಿ ಹೇಳಿದ. ಬು ಹಮದ್ ಅದನ್ನು ವಿನಯವೆಂದೇ ತಿಳಿದರು.

ಅವರಿಗೆ ಇಂಗ್ಲಿಷ್ ಬಾರದು, ಉತ್ತಯ್ಯನಿಗೆ ಅರಬ್ಬಿ ಬಾರದು. ನಡುವೆ ದುಭಾಷಿ ಆಲ್ರೊಯ್. ಅವನ ಕಷ್ಟವೆಲ್ಲ ಅಲ್ಲಿಂದಲೇ ಶುರು. ಊರಿನಲ್ಲಿ ತಂಗಿ ವೆನಿಸ್ಸಾಳ ಮದುವೆ ಹತ್ತಿರ ಬಂದಿತ್ತು. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚಬೇಕು. ಅಪ್ಪನಿಲ್ಲದ ಆ ಮನೆಯಲ್ಲಿ ಮೊದಲ ಕೈ ಅಣ್ಣನದು. ರಜೆಗೆ ಬು ಹಮದ್ ತಮ್ಮ ಫೋನಿನಲ್ಲಿ ಒಮ್ಮೆ ಹೆಬ್ಬೆರಳು ಒತ್ತಿದರೆ ಮುಗಿಯಿತು. ಕೇಳಿದಾಗಲೆಲ್ಲ ಒಂದೇ ಉತ್ತರ: "ಬಂದೂಕು ಆಗಲಿ, ಆಮೇಲೆ."

ಅದು ಆಗುವ ಲಕ್ಷಣ ಕಾಣಲಿಲ್ಲ. ಮೊದಲನೆಯದರ ಮರದ ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ಉತ್ತಯ್ಯ ಬೇಡವೆಂದ. ಎರಡನೆಯದನ್ನು ನೋಡಲು ಜಹ್ರಾಕ್ಕೆ ಹೊರಟಾಗ ಮದುವೆಗೆ ಉಳಿದದ್ದು ಒಂದು ವಾರ. ದಾರಿಯುದ್ದಕ್ಕೂ ಉತ್ತಯ್ಯ ಮಡಿಕೇರಿಯ ಚಿಕ್ಕಪ್ಪನ ವಾಯ್ಸ್ ಮೆಸೇಜ್ ಕೇಳುತ್ತಿದ್ದ. ಚಿಕ್ಕಪ್ಪ ನಿವೃತ್ತ ಸುಬೇದಾರ್; ಸೈನ್ಯದ ರೈಫಲ್ ಪರೀಕ್ಷಿಸುವ ಬಗೆ ಹೇಳಿಕೊಟ್ಟಿದ್ದರು.

"ಇವತ್ತು ಎಂತದಾದ್ರೂ ಆಗ್ಲಿ ಮಾರಾಯ, ತೆಗೊಳ್ಳಿ ಅಂತ ಹೇಳಿಬಿಡು," ಎಂದ ಆಲ್ರೊಯ್.

"ನೋಡದೆ ಹೆಂಗೆ ಹೇಳ್ಲಿ?"

ಮಾರುವವರು ಬು ಮಿಶಾಲ್ ಎಂಬ ಮುದುಕರು. ಕಾಫಿಯಾದ ಮೇಲೆ ಕಂಬಳಿ ಬಿಚ್ಚಿ ತ್ರೀ-ನಾಟ್-ತ್ರೀ ರೈಫಲ್ಲನ್ನು ಜಮಖಾನದ ಮೇಲಿಟ್ಟರು. ಚೌಕಾಸಿಗೆಂದು ಬು ಹಮದ್ ಮುಖ ಸಿಂಡರಿಸಿಕೊಂಡು ಸಿದ್ಧವಾಗಿದ್ದರು. ಅಷ್ಟರಲ್ಲಿ ಉತ್ತಯ್ಯ ಮಂಡಿಯೂರಿ, ರೈಫಲ್ಲನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡುಬಿಟ್ಟ. ಹಬ್ಬದ ಅಭ್ಯಾಸ.

ಮುದುಕರ ಮುಖ ಅರಳಿತು. "ನೋಡಿ, ಇವನಿಗೆ ಇದರ ಬೆಲೆ ಗೊತ್ತು!" ಎಂದು ಬೆಲೆ ಏರಿಸಿಯೇಬಿಟ್ಟರು.

"ಇವನಿಗೆ ಹುಚ್ಚಾ?" ಎಂದು ಬು ಹಮದ್ ಆಲ್ರೊಯ್ ಕಡೆ ತಿರುಗಿ ಹಲ್ಲು ಕಡಿದರು.

"ಯಜಮಾನರು ಏನಂತಾರೆ?" ಎಂದ ಉತ್ತಯ್ಯ.

"ನಿಂಗೆ ಹೂ ಬೇಕಾ, ಊದಿನಕಡ್ಡಿ ಬೇಕಾ ಅಂತ ಕೇಳ್ತಿದ್ದಾರೆ. ಬೇಗ ನೋಡಿ ಮುಗಿಸು!"

ಉತ್ತಯ್ಯ ಮುಗಿಸುವವನಲ್ಲ. ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಬೋಲ್ಟ್ ಎಳೆದು, ಒಳಗೆ ಗುಂಡಿಲ್ಲವೆಂದು ನೋಡಿದ. ಬೆರಳು ಹಾಕಿ ಮತ್ತೆ ನೋಡಿದ. ಬೋಲ್ಟನ್ನು ಹೊರತೆಗೆದು, ಆ ಜಾಗದಲ್ಲಿ ಬಿಳಿ ಕಾಗದದ ಚೂರು ಹಿಡಿದು, ಅದಕ್ಕೆ ಟಾರ್ಚ್ ಬಿಡಿಸಿ, ನಳಿಗೆಯ ಬಾಯಿಂದ ಇಣುಕಿದ. ಟಾರ್ಚ್ ಹಿಡಿದವನು ಆಲ್ರೊಯ್. ಅವನ ರಟ್ಟೆ ಸೋತಿತು.

"ಒಳಗಿನ ಸುರುಳಿ ಗೆರೆ ಚೆಂದ ಉಳಿದಿವೆ, ತುಕ್ಕಿಲ್ಲ," ಎಂದ ಉತ್ತಯ್ಯ. ಆಲ್ರೊಯ್‌ಗೆ ಜೀವ ಬಂತು. ಉತ್ತಯ್ಯ ಬೋಲ್ಟಿನ ಹಿಡಿಯನ್ನು ಬೆಳಕಿಗೆ ಹಿಡಿದು ಅಂಕಿ ಓದಿದ, ರೈಫಲ್ಲಿನ ಮೈಮೇಲಿನ ಅಂಕಿ ಓದಿದ. "ನಂಬರ್ ಬೇರೆ ಬೇರೆ. ಈ ಬೋಲ್ಟ್ ಇದರದ್ದಲ್ಲ. ಹೀಗಿದ್ರೆ ತಿಳಿದವರ ಹತ್ರ ಬೋಲ್ಟ್ ಕೂರೋ ಸಂದಿನ ಅಳತೆ ಮಾಡಿಸದೆ ಗುಂಡು ಹಾಕಬೇಡ ಅಂದಿದ್ದಾರೆ ಚಿಕ್ಕಪ್ಪ. ಯಜಮಾನರು ಮರುಭೂಮಿಗೆ ಒಯ್ದು ಇವತ್ತೇ ಹಾರಿಸ್ತಾರೆ. ಬೇಡ ಅನ್ನು."

"ನಾನು ಚೆನ್ನಾಗಿದೆ ಅಂತಲೇ ಹೇಳ್ತೇನೆ, ನೋಡು!"

"ಹೇಳು. ಸಿಡಿದ್ರೆ ಅವರ ಕೈ ಹೋಗ್ತದೆ. ನಿನ್ನ ರಜೆಗೆ ಒತ್ತೋಕೆ ಹೆಬ್ಬೆರಳು ಬೇಕಲ್ವಾ?"

ಆಲ್ರೊಯ್ ಬಾಯಿ ತೆರೆದ. ಚೆನ್ನಾಗಿದೆ ಎನ್ನುವ ಅರಬ್ಬಿ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬು ಹಮದ್ ಮಗುವಿನ ಹಾಗೆ ಆಸೆಯಿಂದ ಅವನ ಮುಖ ನೋಡುತ್ತಿದ್ದರು. ಆಲ್ರೊಯ್ ಏಸುವನ್ನು ನೆನೆದು, ಉತ್ತಯ್ಯನನ್ನು ಮನಸ್ಸಿನಲ್ಲೇ ಬೈದು, ಇದ್ದದ್ದು ಇದ್ದ ಹಾಗೆ ಹೇಳಿದ.

ಮುದುಕರು ಸಿಡಿಮಿಡಿಗೊಂಡು ಕಂಬಳಿ ಸುತ್ತಿದರು. "ಖಲಾಸ್," ಎಂದು ಬು ಹಮದ್ ಎದ್ದರು.

ಬು ಹಮದ್ ತಾವೇ ಕಾರು ಓಡಿಸುತ್ತಿದ್ದರು. ಜಹ್ರಾ ದಾಟುವಷ್ಟರಲ್ಲಿ, "ಮುಂದಿನ ಶುಕ್ರವಾರ ಇನ್ನೊಂದು ಇದೆ," ಎಂದರು. ವೆನಿಸ್ಸಾಳ ಮದುವೆ ಗುರುವಾರ. ಆಲ್ರೊಯ್ ಕಿಟಕಿಯ ಕಡೆ ಮುಖ ಮಾಡಿ, ಬು ಹಮದ್ ಹೇಳಿದ್ದನ್ನು ಸತ್ತ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿದ.

ಹಿಂದಿನ ಸೀಟಿನಿಂದ ಉತ್ತಯ್ಯ ಹೇಳಿದ: "ನಾನು ಬರಲ್ಲ ಅನ್ನು. ಇವನ ತಂಗಿ ಮದುವೆ ಆಗಿ ಇವನು ವಾಪಸ್ ಬರೋವರೆಗೂ ನಾನು ಯಾವ ಕೋವೀನೂ ಮುಟ್ಟಲ್ಲ ಅನ್ನು."

"ನಾನೇ ಹೇಳುವುದಾ? ನನ್ನ ವಿಷಯ?"

"ಮತ್ತೆ ನಾನು ಅರಬ್ಬಿಯಲ್ಲಿ ಹೇಳ್ಲಾ? ಹೇಳೋ ಮಾರಾಯ!"

ನಾಚಿಕೆಯಿಂದ ಕುಗ್ಗಿ ಆಲ್ರೊಯ್ ಹೇಳಿದ. ಬು ಹಮದ್ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದರು. ಕನ್ನಡಿಯಲ್ಲಿ ಉತ್ತಯ್ಯನನ್ನು ನೋಡಿದರು. ಅವನು ಸೀಟ್ ಬೆಲ್ಟ್ ಸರಿಯಾಗಿ ಬಿಗಿದಿದೆಯೇ ಎಂದು ಎಳೆದು ನೋಡುತ್ತಿದ್ದ. "ಇವನ ಹತ್ತಿರ ವಾದ ಮಾಡುವುದಕ್ಕಿಂತ ನಿನಗೆ ರಜೆ ಕೊಡುವುದು ಸುಲಭ," ಎಂದು ಗೊಣಗಿ, ಫೋನ್ ತೆಗೆದು ಹೆಬ್ಬೆರಳು ಒತ್ತಿದರು.

ವೆನಿಸ್ಸಾಳ ತಲೆಗೆ ಮೊದಲ ತೆಂಗಿನಹಾಲು ಹಚ್ಚಿದ್ದು ಆಲ್ರೊಯ್‌ನೇ. ಅವನು ಮರಳಿದ ಮೇಲೆ ಇನ್ನೊಂದು ರೈಫಲ್ ನೋಡಿದರು; ಅಂಕಿಗಳು ಕೂಡಿಬಂದವು, ತಿಳಿದವರಿಂದ ಅಳತೆಯೂ ಆಯಿತು, ಬು ಹಮದ್ ಕೊಂಡರು.

ಉತ್ತಯ್ಯ ಈಗ ಮಹಬೂಲಾದ ಒಂದು ಕಟ್ಟಡದ ಸೈಟಿನಲ್ಲಿ ಸೇಫ್ಟಿ ಆಫೀಸರ್. ಕೆಲಸದವರು ಏರುವ ಮೊದಲು ಪ್ರತಿಯೊಂದು ಏಣಿಯನ್ನೂ ತಾನೇ ಅಲುಗಿಸಿ ನೋಡುತ್ತಾನೆ.